ದೊಡ್ಡಮ್ಮನ ಕೊರಳು

ಫೆಬ್ರವರಿ 4

ಮೈದುನ ಡಾಕ್ಟರಿಗೆ,

ಇಲ್ಲಿ ಕ್ಷೇಮವಿಲ್ಲ. ಅಲ್ಲಿ ನೀನು ಕ್ಷೇಮವಾಗಿದ್ದೀಯ ಎಂದು ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದಾಗಲೇ ಗೊತ್ತಾಯಿತು. ಹೊಟ್ಟೆ ತುಂಬಾ ಉಂಡು ಕೈ ತೊಳೆದುಕೊಂಡವನ ದನಿ. ಅದಕ್ಕೇ ಫೋನು ಇಟ್ಟುಬಿಟ್ಟೆ. ಫೋನಿನಲ್ಲಿ ನನಗೆ ಅರ್ಧಕ್ಕೇ ಸಿಟ್ಟು ಬರುತ್ತದೆ, ನಿನಗೆ ಅರ್ಧಕ್ಕೇ ಇನ್ನೊಂದು ಕರೆ ಬರುತ್ತದೆ. ಕಾಗದವಾದರೆ ನೀನು ಪೂರ್ತಿ ಓದಲೇಬೇಕು, ನಡುವೆ ಬಾಯಿ ಹಾಕುವ ಹಾಗಿಲ್ಲ.

ಸೋಮವಾರ ನಿಮ್ಮ ಇಲಾಖೆಯವರು ಬಂದು ನನ್ನ ಜಿಂಕೆಗಳ ಕುತ್ತಿಗೆಯ ಕೂದಲು ಬೋಳಿಸಿ ಸೂಜಿ ಚುಚ್ಚಿ ಹೋದರು. ಗುರುವಾರ ಬಂದು ಚುಚ್ಚಿದ ಜಾಗ ಅಳೆದರು. ಮೂರು ಹೆಣ್ಣುಗಳ ಕುತ್ತಿಗೆ ಊದಿತ್ತು. ಅಂದರೆ ಕ್ಷಯ. ಮೂರಕ್ಕೂ ಬೆನ್ನ ಮೇಲೆ ಕೆಂಪು ಬಣ್ಣ ಬಳಿದರು. ಬಂದವನು ಹೊಸದಾಗಿ ಕೆಲಸಕ್ಕೆ ಸೇರಿದ ಅಧಿಕಾರಿ, ಬೂಟಿನ ಮೇಲೆ ಧೂಳೂ ಕೂತಿರಲಿಲ್ಲ. ಹೋಗುವಾಗ ಹೇಳಿದ:

"ಎಲ್ಲಾನೂ ತೆಗೀಬೇಕಾಗುತ್ತೆ ಮೇಡಂ."

"ತೆಗೀಬೇಕು ಅಂದ್ರೆ?"

"ಅಂದ್ರೆ... ತೆಗೀಬೇಕು."

ಕೊಲ್ಲುವುದು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ನನಗೆ ಬರುತ್ತದೆ. ನಿಮ್ಮಣ್ಣ ಸತ್ತಾಗ ಈ ಜಿಂಕೆ ಫಾರಂ ಮಾರಿಬಿಡಿ ಎಂದವರಲ್ಲಿ ನೀನೂ ಒಬ್ಬ, ಮರೆತಿಲ್ಲ ತಾನೆ? ಮಾರಲಿಲ್ಲ. ಇಷ್ಟು ವರ್ಷ ಲೈಸೆನ್ಸು ಇಟ್ಟುಕೊಂಡು ಮಾಂಸಕ್ಕೆಂದೇ ಜಿಂಕೆ ಸಾಕಿ, ಲಾರಿಗೆ ಹತ್ತಿಸಿ, ಮನೆಗೆ ಬಂದು ನೆಮ್ಮದಿಯಾಗಿ ಊಟ ಮಾಡಿದವಳು ನಾನು. ಪ್ರಾಣಿ ಸಾಯುತ್ತದೆ ಎಂದು ಸೆರಗು ಬಾಯಿಗಿಟ್ಟು ಅಳುವವಳಲ್ಲ. ಊದಿದ ಮೂರನ್ನು ಇವತ್ತೇ ತೆಗೆದುಕೊಂಡು ಹೋಗಲಿ. ಊದದೇ ಇರುವ ಇಡೀ ಹಿಂಡು ಏನು ತಪ್ಪು ಮಾಡಿದೆ?

ನನ್ನ ಹೆಣ್ಣು ಜಿಂಕೆ ದೊಡ್ಡಮ್ಮನ ಕುತ್ತಿಗೆಯೂ ನುಣ್ಣಗಿದೆ. ಬೇರೆ ಜಿಂಕೆಗೆ ಪರರ ಮರಿ ಒಪ್ಪಿಸಬೇಕಾದರೆ, ಅದರ ಸತ್ತ ಮರಿಯ ಚರ್ಮವನ್ನು ಅನಾಥ ಮರಿಗೆ ಹೊದಿಸಿ, ವಾಸನೆಯಿಂದ ಮೋಸ ಮಾಡಬೇಕು. ಅವಳಿಗೆ ಆ ನಾಟಕ ಬೇಕಿಲ್ಲ, ಯಾರ ಮರಿ ತಂದು ಬಿಟ್ಟರೂ ಮೂಸಿ ನೋಡಿ ಮೊಲೆ ಕೊಡುತ್ತಾಳೆ. ಅದಕ್ಕೇ ಆ ಹೆಸರು. ಹೋದ ವರ್ಷ ನಿಮ್ಮ ವನ್ಯಧಾಮದ ಅನಾಥ ಮರಿಯನ್ನು ನೀನೇ ಜೀಪಿನಲ್ಲಿ ತಂದಾಗ ಸಾಕಿ ಕೊಟ್ಟವಳೂ ಅವಳೇ.

ನಾನು ಕೇಳುವುದು ಇಷ್ಟೇ. ಊದಿದವನ್ನು ತೆಗೆದು, ಉಳಿದವನ್ನು ಬೇರೆ ಇಟ್ಟು, ಮತ್ತೆ ಮತ್ತೆ ಪರೀಕ್ಷೆ ಮಾಡಲು ಆಗುತ್ತದೋ ಇಲ್ಲವೋ? ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ನಿನ್ನ ಅತ್ತಿಗೆ


ಫೆಬ್ರವರಿ 12

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ವಿಷಯವನ್ನು ಸ್ವಲ್ಪ ಸಮಾಧಾನದಿಂದ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಜಿಂಕೆಯಲ್ಲಿ ಕ್ಷಯ ಹಸುವಿನ ಹಾಗಲ್ಲ. ಬಹಳ ದಿನ ಹೊರಗೆ ಏನೂ ಕಾಣಿಸುವುದಿಲ್ಲ. ಮೇಯುತ್ತದೆ, ಓಡುತ್ತದೆ, ಮರಿ ಹಾಕುತ್ತದೆ; ಒಳಗೆ ಶ್ವಾಸಕೋಶ ಹಾಳಾಗುತ್ತಿರುತ್ತದೆ. ಚರ್ಮದ ಪರೀಕ್ಷೆಯೂ ಪೂರ್ತಿ ನಂಬುವಂಥದ್ದಲ್ಲ. ರೋಗವಿದ್ದ ಕೆಲವು ಪ್ರಾಣಿಗಳಲ್ಲಿ ಊತ ಬರುವುದಿಲ್ಲ, ರೋಗವಿಲ್ಲದ ಕೆಲವಕ್ಕೆ ಬರುತ್ತದೆ. ಆದ್ದರಿಂದ ಒಂದು ಹಿಂಡಿನಲ್ಲಿ ರೋಗ ಸಿಕ್ಕರೆ ಇಡೀ ಹಿಂಡನ್ನು ತೆಗೆಯುವುದೇ ಖಚಿತವಾದ ದಾರಿ. ಇಲಾಖೆ ಹಾಗೆ ತೀರ್ಮಾನಿಸಿದೆ. ಪರಿಹಾರ ಸಿಗುತ್ತದೆ, ಅದರ ಬಗ್ಗೆ ಚಿಂತೆ ಬೇಡ.

ನಿಮ್ಮ ಗುಡ್ಡದ ಆಚೆ ಬದಿಗೇ ವನ್ಯಧಾಮವಿದೆ ಎಂಬುದನ್ನು ನೀವು ಮರೆಯಬಾರದು. ಅಲ್ಲಿರುವ ಜೌಗು ಜಿಂಕೆಗಳು ಬೇರೆಲ್ಲೂ ಉಳಿದಿಲ್ಲ. ಅವುಗಳ ಆರೋಗ್ಯ ನನ್ನ ಹೊಣೆ. ನಿಮ್ಮ ಬೇಲಿ ಹಾರಿ ಒಂದೇ ಒಂದು ರೋಗದ ಜಿಂಕೆ ಆ ಕಡೆ ಹೋದರೆ ಏನಾದೀತು ಯೋಚಿಸಿ. ನಿಮ್ಮ ಹಿಂಡನ್ನು ಮತ್ತೆ ಕಟ್ಟಬಹುದು ಅತ್ತಿಗೆ. ಅವನ್ನು ಕಟ್ಟಲು ಆಗುವುದಿಲ್ಲ.

ಈ ಕ್ಷಯ ಮನುಷ್ಯರಿಗೂ ಅಂಟುತ್ತದೆ. ನೀವೂ ನಿಮ್ಮ ಬೇಲಿ ಕಾಯುವ ಆಳು ಆ ಬೇಲಿಯವನೂ ಎದೆಯ ಎಕ್ಸರೇ ತೆಗೆಸಿ. ಕೆಮ್ಮು ಇದ್ದರೆ ಮುಚ್ಚಿಡಬೇಡಿ.

ಇಂತು ತಮ್ಮ ಮೈದುನ


ಫೆಬ್ರವರಿ 17

ಇಲಾಖೆಯವರಿಗೆ,

ಹೌದು, ಇನ್ನು ಮೇಲೆ ಹಾಗೇ ಕರೆಯುತ್ತೇನೆ. ನಿನ್ನ ಕಾಗದ ಬಂದ ಮರುದಿನವೇ ನೋಟೀಸು ಬಂತು. ಇಡೀ ಹಿಂಡನ್ನು ಗುಂಡಿಕ್ಕಿ ಹೂಳಬೇಕಂತೆ. ಕೆಳಗೆ ನಿನ್ನ ಸಹಿ. ಶಾಲೆಯಲ್ಲಿದ್ದಾಗ ಹೋಂವರ್ಕಿನ ಕೊನೆಯಲ್ಲಿ ಹಾಕುತ್ತಿದ್ದ ಅದೇ ಬಾಲದ ಸಹಿ. ಆಗ ನಿನ್ನ ಕಿವಿ ಹಿಂಡಿ ಮಗ್ಗಿ ಹೇಳಿಸಿದವಳು ನಾನು. ನಿನ್ನ ಸಹಿ ನನಗೆ ಗುರುತು ಸಿಗುವುದಿಲ್ಲ ಎಂದುಕೊಂಡೆಯಾ? 'ಇಲಾಖೆ ತೀರ್ಮಾನಿಸಿದೆ' ಎಂದು ಬರೆದೆಯಲ್ಲ, 'ನಾನು ತೀರ್ಮಾನಿಸಿದೆ' ಎಂದು ಬರೆಯಲು ಶಾಯಿ ಸಾಲಲಿಲ್ಲವೇ?

ಎಕ್ಸರೇ ತೆಗೆಸಿದೆ. ನನ್ನ ಎದೆಯಲ್ಲಿ ಏನೂ ಇಲ್ಲ ಎಂದರು. ಏನೂ ಇಲ್ಲದಿರುವುದು ಯಾರ ಎದೆಯಲ್ಲಿ ಎಂದು ನನಗೆ ಗೊತ್ತು. ಬೇಲಿಯವನದೂ ಚೆನ್ನಾಗಿದೆ. ಅವನ ಬೀಡಿಗೆ ಹೆದರಿ ಕ್ಷಯ ಹತ್ತಿರ ಬಂದಿಲ್ಲವಂತೆ, ಅವನೇ ಹೇಳಿಕೊಂಡು ತಿರುಗುತ್ತಿದ್ದಾನೆ.

ಈಗ ಕಿವಿಗೊಟ್ಟು ಕೇಳು. ನಿಮ್ಮಣ್ಣ ಹೋದ ಮೇಲೆ ಹೊರಗಿನ ಒಂದು ಜಿಂಕೆಯನ್ನೂ ನಾನು ಒಳಗೆ ತಂದಿಲ್ಲ. ಹಸು ಇಲ್ಲ, ಎಮ್ಮೆ ಇಲ್ಲ. ಬೇಲಿ ಆಳೆತ್ತರಕ್ಕಿಂತ ಮೇಲಿದೆ, ಹಾರಿದ್ದು ಒಂದೂ ಇಲ್ಲ. ಹಾಗಾದರೆ ಈ ರೋಗ ನನ್ನ ಮನೆಗೆ ಯಾವ ಬಾಗಿಲಿನಿಂದ ಬಂತು? ಹೊರಗಿನಿಂದ ಒಳಗೆ ಬಂದದ್ದು ಒಂದೇ ಜೀವ, ನೀನು ಜೀಪಿನಲ್ಲಿ ತಂದ ಆ ಮರಿ. ಅದರ ತಾಯಿ ತಂತಿಗೆ ಸಿಕ್ಕಿ ಸತ್ತಿತು ಎಂದು ನೀವು ಹೇಳಿದಿರಿ, ನಾನು ನಂಬಿದೆ. ಅದು ನಿಜವಾಗಿ ಯಾವುದರಿಂದ ಸತ್ತಿತು? ಕೊಯ್ದು ನೋಡಿದಿರಾ? ಯಾರು ನೋಡಿದರು?

ಇದಕ್ಕೆ ಉತ್ತರ ಬರೆ. 'ಸಂಕಟ ಅರ್ಥವಾಗುತ್ತದೆ' ಎಂದು ಬರೆದರೆ ಆ ಕಾಗದವನ್ನು ಒಲೆಗೆ ಹಾಕುತ್ತೇನೆ. ಮತ್ತೆ ಕಟ್ಟಬಹುದು ಎನ್ನುವ ಮಾತನ್ನು ಇನ್ನೊಂದು ಸಲ ನನ್ನ ಮುಂದೆ ಆಡಬೇಡ.

ಅತ್ತಿಗೆ


ಮಾರ್ಚ್ 9

ಬಾಯಿಗೆ ಬೀಗ ಹಾಕಿಕೊಂಡವನಿಗೆ,

ಮೂರು ವಾರವಾಯಿತು, ನಿನ್ನಿಂದ ಒಂದಕ್ಷರ ಇಲ್ಲ. ಫೋನು ಮಾಡಿದರೆ ಕಚೇರಿಯ ಗುಮಾಸ್ತ "ಸಾಹೇಬ್ರು ಫೀಲ್ಡಲ್ಲಿದಾರೆ" ಎನ್ನುತ್ತಾನೆ. ಯಾವ ಫೀಲ್ಡಪ್ಪಾ ಅದು, ಅತ್ತಿಗೆಯ ಮುಖ ಕಾಣದ ಫೀಲ್ಡು?

ನಿನ್ನೆ ನಿನ್ನವರು ಬಂದಿದ್ದರು. ಒಂದು ಲಾರಿ, ಒಂದು ಮಣ್ಣು ಅಗೆಯುವ ಯಂತ್ರ, ಕೋವಿ ಹಿಡಿದವರು. ಹೊಂಡ ತೋಡಲು ಜಾಗವನ್ನೂ ಅವರೇ ಗುರುತು ಮಾಡಿಕೊಂಡಿದ್ದರು, ನನ್ನ ಹುಲ್ಲಿನ ಹೊಲದಲ್ಲಿ. ನಾನು ಅಡುಗೆಮನೆಯ ಕುರ್ಚಿ ತಂದು ಗೇಟಿನ ನಡುವೆ ಹಾಕಿಕೊಂಡು ಕೂತೆ. ಬೇಲಿಯವನು ಬೆನ್ನ ಹಿಂದೆ ಇಕ್ಕಳ ಹಿಡಿದು ನಿಂತ. ಇಕ್ಕಳದಿಂದ ಕೋವಿಯವರನ್ನು ಏನು ಮಾಡುವವನಿದ್ದನೋ, ಅವನಿಗೇ ಗೊತ್ತಿರಲಿಲ್ಲ.

ಧೂಳಿಲ್ಲದ ಬೂಟಿನ ಅಧಿಕಾರಿ ಮುಂದೆ ಬಂದ.

"ಏಳಿ ಮೇಡಂ, ದಯವಿಟ್ಟು. ನಮ್ಮ ಡ್ಯೂಟಿ ನಾವು ಮಾಡಬೇಕು."

"ಮಾಡಿ. ನನ್ನಿಂದ ಶುರು ಮಾಡಿ. ನನ್ನ ಕುತ್ತಿಗೆ ಊದಿದೆಯಾ ನೋಡಿ ಮೊದಲು."

ಕೋವಿಯವರಲ್ಲಿ ಒಬ್ಬನಿಗೆ ನಗು ಬಂತು. ಅಧಿಕಾರಿಗೆ ಬರಲಿಲ್ಲ. ಆಮೇಲೆ ಮೇಲ್ಮನವಿ ಸಮಿತಿಗೆ ನಾನು ಹಾಕಿದ ಅರ್ಜಿಯ ಸೀಲು ತೋರಿಸಿದೆ. ವಿಚಾರಣೆ ಮುಗಿಯುವವರೆಗೆ ಯಾರೂ ಕೈ ಹಚ್ಚುವ ಹಾಗಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ, ಲಾರಿ ಹಿಂದಕ್ಕೆ ತಿರುಗಿಸಿದರು. ಕೆಂಪು ಬಣ್ಣ ಬಳಿದ ಮೂರು ಜಿಂಕೆಗಳನ್ನು ನಾನೇ ಕರೆದು ಕೊಟ್ಟೆ. ನ್ಯಾಯವಾಗಿ ಅವರ ಪಾಲಿಗೆ ಬಂದದ್ದನ್ನು ಬಚ್ಚಿಡುವವಳಲ್ಲ ನಾನು.

ನೀನು ಬರುತ್ತೀಯ ಎಂದುಕೊಂಡಿದ್ದೆ. ಸಹಿ ಹಾಕಿದವನು ಕಣ್ಣಾರೆ ನೋಡಲಿ ಎಂದುಕೊಂಡಿದ್ದೆ. ನೀನು ಹೇಡಿ. ಕೆಟ್ಟವನು ಎಂದರೂ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ, ನಮ್ಮ ಮನೆಯಲ್ಲಿ ಕೆಟ್ಟವರು ಬೇಕಾದಷ್ಟು ಜನ ಆಗಿಹೋಗಿದ್ದಾರೆ. ಹೇಡಿಗಳು ಇರಲಿಲ್ಲ. ತಾಯಿ ಯಾವುದರಿಂದ ಸತ್ತಿತು ಎಂಬ ಪ್ರಶ್ನೆಗೆ ನಿನ್ನ ಮೌನವೇ ಉತ್ತರ ಎಂದು ತಿಳಿದುಕೊಂಡಿದ್ದೇನೆ. ಕುರ್ಚಿ ಇನ್ನೂ ಗೇಟಿನಲ್ಲೇ ಇದೆ.

ಅತ್ತಿಗೆ


ಮಾರ್ಚ್ 15

ಅತ್ತಿಗೆ,

ನಾನು ನಿಜವಾಗಿಯೂ ಫೀಲ್ಡಿನಲ್ಲಿದ್ದೆ. ಸೊಂಟದವರೆಗೆ ಜೌಗಿನ ಕೆಸರಿನಲ್ಲಿ.

ನಿಮ್ಮ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆ ತಾಯಿಯನ್ನು ಯಾರೂ ಕೊಯ್ದು ನೋಡಿರಲಿಲ್ಲ. ತಂತಿಯ ಪಕ್ಕ ಬಿದ್ದಿತ್ತು, ತಂತಿಗೆ ಸಿಕ್ಕಿ ಸತ್ತಿತು ಎಂದುಕೊಂಡರು, ಹೂತರು. ನಾನೂ ಕೇಳಲಿಲ್ಲ. ನಿಮ್ಮ ಕಾಗದ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ, ಮೂರನೆಯ ದಿನ ಬಲೆಗಳನ್ನು ಲಾರಿಗೆ ಹಾಕಿಸಿದೆ. ನೀವು ಸಾಕಿ ಕಳಿಸಿದ ಮರಿಯನ್ನು ಹುಡುಕಿ ಹಿಡಿಯುವುದರಲ್ಲೇ ಸಾಕುಸಾಕಾಯಿತು. ನಮ್ಮವು ನಿಮ್ಮ ಜಿಂಕೆಗಳ ಹಾಗಲ್ಲ. ಕತ್ತಲ ಕೊಟ್ಟಿಗೆಗೆ ಬಂದು ಸುಮ್ಮನೆ ನಿಲ್ಲುವುದಿಲ್ಲ, ಹೆಚ್ಚು ಹೊತ್ತು ಅಟ್ಟಿದರೆ ಎದೆಯೊಡೆದು ಸಾಯುತ್ತವೆ.

ಅದರ ಕುತ್ತಿಗೆ ಊದಿತು. ನಿಮ್ಮಿಂದ ಅಂಟಿಸಿಕೊಂಡು ಬಂದಿರಬಹುದು ಎಂದುಕೊಂಡು, ನಿಮ್ಮ ಫಾರಂ ಕಡೆ ಮುಖವನ್ನೇ ಹಾಕದ ಮುದಿ ಹೆಣ್ಣುಗಳನ್ನು ಹಿಡಿಸಿದೆ. ಅವುಗಳದೂ ಊದಿತು. ಒಂದು ನಮ್ಮ ಕಣ್ಣೆದುರೇ ಸತ್ತಿತು, ಕೊಯ್ದು ನೋಡಿದೆ. ಶ್ವಾಸಕೋಶದಲ್ಲಿ ಗಂಟುಗಳು, ಹಳೆಯವು, ಒಳಗೆ ಸುಣ್ಣ ಕಟ್ಟಿದಂಥವು. ಈ ರೋಗ ನಮ್ಮಲ್ಲಿ ವರ್ಷಗಳಿಂದ ಇದೆ ಅತ್ತಿಗೆ. ನಾವೇ ನಿಮಗೆ ತಂದು ಕೊಟ್ಟದ್ದು.

ವನ್ಯಧಾಮದ ನಿರ್ದೇಶಕರಿಗೆ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಬಂದು ಕೂತರು. "ಇವು ಅಪರೂಪದ ಪ್ರಾಣಿ. ಗಲಾಟೆ ಬೇಡ. ರೋಗ ಇದ್ದವನ್ನ ಸದ್ದಿಲ್ಲದೆ ಬೇರೆ ಮಾಡೋಣ, ಉಳಿದವನ್ನ ಆಗಾಗ ನೋಡ್ತಾ ಇರೋಣ. ಹೊರಗೆ ಗೊತ್ತಾದ್ರೆ ಇಲ್ಲೂ ಗುಂಡು ಹಾರಿಸಿ ಅಂತಾರೆ," ಎಂದರು. ನಾನು ಹೂಂ ಎಂದೆ. ಅವುಗಳ ಮೇಲೆ ನನಗೆ ಎಷ್ಟು ಪ್ರೀತಿ ಇದೆ ನಿಮಗೆ ಗೊತ್ತಿಲ್ಲ. ಅವು ಕಣ್ಮರೆಯಾದರೆ ನನ್ನ ಇಡೀ ಕೆಲಸಕ್ಕೆ ಅರ್ಥವೇ ಇಲ್ಲ.

ನಿಮಗೆ ಹೇಳದೆ ಇರಲು ಆಗಲಿಲ್ಲ, ಅದಕ್ಕೆ ಬರೆದೆ. ದಯವಿಟ್ಟು ಓದಿ ಇದನ್ನು ಹರಿದುಹಾಕಿ. ವಿಚಾರಣೆಯಲ್ಲಿ ನಿಮಗೆ ಅನುಕೂಲವಾಗುವ ಹಾಗೆ ಏನಾದರೂ ದಾರಿ ಹುಡುಕುತ್ತೇನೆ.

ನಿಮ್ಮ ಮೈದುನ


ಮಾರ್ಚ್ 20

ಮೈದುನನಿಗೆ,

ನಿನ್ನನ್ನು ಹೇಡಿ ಎಂದದ್ದರಲ್ಲಿ ಅರ್ಧ ವಾಪಸು ತೆಗೆದುಕೊಳ್ಳುತ್ತೇನೆ. ಕೆಸರಿಗೆ ಇಳಿದ ಅರ್ಧ. ಹೂಂ ಎಂದ ಅರ್ಧ ಹಾಗೇ ಇರಲಿ.

ಏನು ಬರೆದಿದ್ದೀಯ ಎಂದು ನಿನಗೆ ಗೊತ್ತೇ? ರೋಗ ಇದ್ದವನ್ನು ಬೇರೆ ಮಾಡಿ, ಉಳಿದವನ್ನು ಆಗಾಗ ಪರೀಕ್ಷೆ ಮಾಡಿ! ನಾನು ಮೊದಲ ಕಾಗದದಲ್ಲೇ ಬೇಡಿದ್ದು ಇದನ್ನೇ. ನನಗೆ ನೀನು 'ಖಚಿತವಾದ ದಾರಿ' ಒಂದೇ ಎಂದೆ. ನಿನ್ನ ಜಿಂಕೆಗೆ ಇನ್ನೊಂದು ದಾರಿ ಸಿಕ್ಕಿಬಿಟ್ಟಿತು. ಒಂದೇ ರೋಗ, ಒಂದೇ ಊತ. ನಿನ್ನವಕ್ಕೆ ಆರೈಕೆ, ನನ್ನವಕ್ಕೆ ಹೊಂಡ. ಓದುತ್ತಾ ಓದುತ್ತಾ ನನಗೆ ಮೈ ಉರಿದುಹೋಯಿತು. ಬಕೆಟ್ಟನ್ನು ಒದ್ದೆ. ಬೇಲಿಯವನು ಎರಡು ಹೊತ್ತು ನನ್ನ ಎದುರಿಗೇ ಬರಲಿಲ್ಲ.

ನಿನ್ನ ಜಿಂಕೆಗಳನ್ನು ಕೊಲ್ಲಿ ಎಂದು ನಾನು ಎಲ್ಲೂ ಹೇಳುವುದಿಲ್ಲ. ಅವು ಚೆನ್ನಾಗಿರಲಿ. ಅವುಗಳ ಒಂದು ಮರಿಗೆ ನನ್ನ ಕೊಟ್ಟಿಗೆಯಲ್ಲಿ ಹಾಲು ಸಿಕ್ಕಿದೆ, ನನಗೂ ಅವುಗಳ ಮೇಲೆ ಹಕ್ಕಿದೆ. ನನ್ನ ಮಾತು ಇಷ್ಟೇ, ಬೇಲಿಯ ಎರಡೂ ಕಡೆ ಒಂದೇ ಅಳತೆ ಇರಲಿ. ಗುಂಡಾದರೆ ಎರಡೂ ಕಡೆ, ಪರೀಕ್ಷೆಯಾದರೆ ಎರಡೂ ಕಡೆ.

ಕಾಗದವನ್ನು ಹರಿಯುವುದಿಲ್ಲ. ಸಮಿತಿಯ ಮುಂದೆ ತೋರಿಸುವುದೂ ಇಲ್ಲ. ತೋರಿಸಿದರೆ ನಾನು ಗೆದ್ದೇನು, ನೀನು ಮಾತ್ರ ಅತ್ತಿಗೆಯ ಕೈಗೆ ಸಿಕ್ಕಿಬಿದ್ದ ಕಳ್ಳನಾಗುತ್ತೀಯ. ನನಗೆ ಅಂಥ ಗೆಲುವು ಬೇಡ. ನೀನೇ ಬಂದು ಹೇಳಬೇಕು, ನಿನ್ನ ಬಾಯಿಂದ, ನಿನ್ನ ನಿರ್ದೇಶಕರ ಎದುರಿಗೆ. ಮುಂದಿನ ತಿಂಗಳು ಆರಕ್ಕೆ ವಿಚಾರಣೆ. ನೀನು ಬಾಯಿ ಬಿಡದಿದ್ದರೆ ನಾನು ಬರಿಗೈಯಲ್ಲಿ ವಾದ ಮಾಡಿ ಸೋಲುತ್ತೇನೆ, ಆಮೇಲೆ ಗೇಟಿನ ಕುರ್ಚಿಯಲ್ಲಿ ಕೂರುತ್ತೇನೆ, ಅವರು ಕುರ್ಚಿ ಸಮೇತ ಎತ್ತಿ ಆಚೆ ಇಡಲಿ.

ಅತ್ತಿಗೆ


ಏಪ್ರಿಲ್ 8

ಅತ್ತಿಗೆ,

ಮೊನ್ನೆ ನಿಮ್ಮ ವಾದ ಮುಗಿದ ಮೇಲೆ ನಿಮ್ಮನ್ನು ಹೊರಗೆ ಕೂರಿಸಿದರಲ್ಲ, ಆಮೇಲೆ ಒಳಗೆ ಏನಾಯಿತು ಎಂದು ನಾನೇ ಹೇಳಬೇಕು. ಹೊರಬಂದಾಗ ನಿಮಗೆ ಹೇಳದೆಯೇ ಹೊರಟುಹೋದೆ.

ಉದ್ದ ಮೇಜು, ಅದರ ಮೇಲೆ ಯಾರೂ ಮುಟ್ಟದ ಬಿಸ್ಕತ್ತು. ಅಧ್ಯಕ್ಷೆ ವಯಸ್ಸಾದ ಹೆಂಗಸು, ಕನ್ನಡಕ ತೆಗೆದು ಒರೆಸುತ್ತಾ, "ಫಾರಂ ಹಿಂಡನ್ನ ಪೂರ್ತಿ ತೆಗೀಬೇಕು ಅನ್ನೋದು ನಿಮ್ಮ ಶಿಫಾರಸು, ಅಲ್ವಾ ಡಾಕ್ಟ್ರೇ?" ಎಂದರು. ಪಕ್ಕದಲ್ಲಿ ನಿರ್ದೇಶಕರು. ಹೌದು ಎಂದರೆ ಮುಗಿಯುತ್ತಿತ್ತು.

"ಹೌದು, ನನ್ನದೇ. ಈಗ ಅದನ್ನ ವಾಪಸ್ ತಗೋತೀನಿ," ಎಂದೆ. "ವನ್ಯಧಾಮದಲ್ಲೂ ಇದೇ ರೋಗ ಇದೆ. ಅಲ್ಲಿಂದಲೇ ಫಾರಂಗೆ ಹೋಗಿದ್ದು. ಅಲ್ಲಿ ನಾವು ಕೊಲ್ತಾ ಇಲ್ಲ."

ನಿರ್ದೇಶಕರು ನನ್ನ ಕಡೆ ತಿರುಗಲೇ ಇಲ್ಲ, ಬಿಸ್ಕತ್ತಿನ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ಸಮಿತಿಯವರು ಎರಡು ಗಂಟೆ ನನ್ನನ್ನು ಜಾಡಿಸಿದರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ.

ತೀರ್ಮಾನ ನಿಮ್ಮ ಕೈ ಸೇರಿರುತ್ತದೆ. ಎರಡೂ ಕಡೆ ಒಂದೇ ನಿಯಮ: ಪರೀಕ್ಷೆ, ಊದಿದವನ್ನು ತೆಗೆಯುವುದು, ಮತ್ತೆ ಪರೀಕ್ಷೆ. ನಿಮ್ಮ ಹಿಂಡು ಉಳಿಯಿತು. ಆದರೆ ನಿಯಮದ ಕೊನೆಯ ಸಾಲನ್ನು ಎರಡು ಸಲ ಓದಿ. ಊತ ಗೊತ್ತುಮಾಡಿದ ಅಳತೆಯ ಗೆರೆ ದಾಟಿದರೆ ಯಾವ ಪ್ರಾಣಿಗೂ ವಿನಾಯಿತಿ ಇಲ್ಲ. ಒಂದೇ ಒಂದನ್ನು ಉಳಿಸಿಕೊಂಡದ್ದು ಗೊತ್ತಾದರೂ ಹಳೆಯ ನೋಟೀಸು ಜಾರಿಗೆ ಬರುತ್ತದೆ. ಆ ಪರೀಕ್ಷೆ ರೋಗವಿದ್ದರೂ ತಪ್ಪಬಹುದು, ಇಲ್ಲದಿದ್ದರೂ ತಪ್ಪಬಹುದು ಎಂದು ನಾನು ಮೊದಲೇ ಬರೆದಿದ್ದೆ. ಇನ್ನೊಮ್ಮೆ ಬರೆಯುತ್ತಿದ್ದೇನೆ.

ನನ್ನನ್ನು ವನ್ಯಧಾಮದಿಂದ ತೆಗೆದಿದ್ದಾರೆ. ದನದ ಸಂತೆಯ ತಪಾಸಣೆಗೆ ಹಾಕಿದ್ದಾರೆ. ಹೊಸಬರು ಬರುವವರೆಗೆ ನಿಮ್ಮ ಫಾರಂನ ಪರೀಕ್ಷೆ ಮಾತ್ರ ನನ್ನ ಕೈಯಲ್ಲಿದೆ. ಏಪ್ರಿಲ್ ಕೊನೆಗೆ ಬರುತ್ತೇನೆ.

ನಿಮ್ಮ ಮೈದುನ


ಮೇ 2

ಮೈದುನನಿಗೆ,

ನೀನು ಹೋದ ಮೇಲೆ ಕೊಟ್ಟಿಗೆ ತೊಳೆದೆ. ಸುಣ್ಣ ಎರಚಿದೆ. ಕೆಲಸವೆಲ್ಲ ಮುಗಿಯಿತು, ಈಗ ಬರೆಯದೆ ವಿಧಿಯಿಲ್ಲ.

ದೊಡ್ಡಮ್ಮನ ಸರದಿ ಬಂದಾಗ ನಾನೇ ಅವಳ ತಲೆ ಹಿಡಿದುಕೊಂಡಿದ್ದೆ. ಕೊಟ್ಟಿಗೆಯಲ್ಲಿ ಕತ್ತಲು, ನಿನ್ನ ಹಣೆಯ ದೀಪ ಒಂದೇ. ಬೋಳಿಸಿದ ಜಾಗವನ್ನು ನೀನು ಬೆರಳಿನಿಂದ ಸವರಿದೆ. ನಿನ್ನ ಬೆರಳು ನಿಂತಿತು. ಊತ ದೊಡ್ಡದೇನಲ್ಲ, ಬಟಾಣಿಯಷ್ಟೂ ಇಲ್ಲ. ನೀನು ಚರ್ಮವನ್ನು ಮಡಿಸಿ ದಪ್ಪ ಅಳೆಯುವ ಕ್ಯಾಲಿಪರ್ ಇಟ್ಟೆ. ನೀನು ಅದನ್ನು ಹಿಡಿದ ರೀತಿಯನ್ನು ನಾನು ನೋಡಿದೆ. ಮಡಿಕೆಯ ಅಂಚಿಗೆ ಹಿಡಿದಿದ್ದೆ, ತೆಳ್ಳಗಿರುವ ಕಡೆ. ನೀನು ತಲೆ ಎತ್ತಿ ನನ್ನ ಮುಖ ನೋಡಿದೆ.

ನಾನು ಸುಮ್ಮನಿದ್ದಿದ್ದರೆ ನೀನು ಸಣ್ಣ ಅಂಕಿ ಬರೆಯುತ್ತಿದ್ದೆ. ಇಬ್ಬರೂ ಸತ್ತರೂ ಬಾಯಿ ಬಿಡುತ್ತಿರಲಿಲ್ಲ. ನನಗೆ ಅವಳು ಬೇಕಿತ್ತು ಕಣೋ. ಈ ಫಾರಂನಲ್ಲಿ ಲಾರಿಗೆ ಹತ್ತಿಸಬಾರದು ಎಂದು ನಾನು ಇಟ್ಟುಕೊಂಡ ಜೀವ ಅದೊಂದೇ. ಆದರೆ ಗೇಟಿನಲ್ಲಿ ಕೂತು, ಸಮಿತಿಯ ಎದುರು ನಿಂತು, ಎಲ್ಲರಿಗೂ ಒಂದೇ ಅಳತೆ ಎಂದು ಗಂಟಲು ಹರಿದುಕೊಂಡವಳೂ ನಾನೇ. ಆ ಬಾಯಿ ಇಟ್ಟುಕೊಂಡು ಹೇಗೆ ಸುಮ್ಮನಿರಲಿ?

"ಸರಿಯಾಗಿ ಹಿಡಿ," ಎಂದೆ. ನೀನು ಸರಿಯಾಗಿ ಹಿಡಿದೆ. ಗೆರೆ ದಾಟಿತ್ತು, ಕೂದಲೆಳೆಯಷ್ಟು.

ಕೋವಿಯವನನ್ನು ಕರೆಯಬೇಡ ಎಂದದ್ದು ನಾನೇ. ಅವಳಿಗೆ ಅಪರಿಚಿತರ ವಾಸನೆ ಆಗುವುದಿಲ್ಲ. ನಾನು ಹಿಂಡಿ ತಿನ್ನಿಸುತ್ತಾ ನಿಂತೆ, ನೀನು ಸೂಜಿ ಕೊಟ್ಟೆ, ಅವಳು ಮಂಡಿಯೂರಿ ಕೂತಳು. ಇದಕ್ಕೆ ನಾನು ಯಾರನ್ನೂ ದೂರುವುದಿಲ್ಲ.

ಆಮೇಲೆ ಕೊಟ್ಟಿಗೆಯ ಹಿಂದೆ ನೀನು ಎಲ್ಲವನ್ನೂ ಕೊಯ್ದು ನೋಡಿದೆ. ಈ ಸಲ ಊದಿದ ಬೇರೆ ಎರಡರ ಬಗ್ಗೆ ಬಂದು ಹೇಳಿದೆ, ಗಂಟಲ ಗ್ರಂಥಿಯಲ್ಲಿ ಕೀವು ಇತ್ತು, ತೆಗೆದದ್ದು ಒಳ್ಳೆಯದಾಯಿತು ಎಂದೆ. ದೊಡ್ಡಮ್ಮನ ಬಗ್ಗೆ ಏನೂ ಹೇಳಲಿಲ್ಲ. ತುಂಬಾ ಹೊತ್ತು ಕೈ ತೊಳೆದೆ. ಮಾಡಿಟ್ಟ ಚಹಾ ಕುಡಿಯದೆ ಜೀಪು ಹತ್ತಿದೆ.

ಅವಳ ಒಳಗೆ ಏನಿತ್ತು? ಬರೆ.

ಅತ್ತಿಗೆ


ಮೇ 9

ಅತ್ತಿಗೆ,

ಇದು ನಾಲ್ಕನೆಯ ಕಾಗದ, ಮೂರನ್ನು ಹರಿದೆ. ಮೂರರಲ್ಲೂ ಸುಳ್ಳು ಬರೆದಿದ್ದೆ. ನೀವು ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದು.

ಏನೂ ಇರಲಿಲ್ಲ. ಗಂಟಲಿನ ಗ್ರಂಥಿಗಳು ಚೊಕ್ಕಟ, ಶ್ವಾಸಕೋಶ ಎಳೆ ಮರಿಯದರ ಹಾಗೆ ಗುಲಾಬಿ ಬಣ್ಣ. ಒಂದೊಂದು ಗ್ರಂಥಿಯನ್ನೂ ತೆಳ್ಳಗೆ ಸೀಳಿ ನೋಡಿದೆ, ಏನಾದರೂ ಸಿಗಲಿ ಸಿಗಲಿ ಎಂದು ಬೇಡಿಕೊಂಡು ನೋಡಿದೆ. 'ಕಣ್ಣಿಗೆ ಕಾಣದ ಆರಂಭದ ರೋಗ ಇದ್ದಿರಬಹುದು' ಎಂದು ನಮ್ಮ ಪುಸ್ತಕಗಳಲ್ಲಿ ಒಂದು ವಾಕ್ಯ ಇದೆ. ಅದರ ಹಿಂದೆ ನಾನು ಅಡಗಿಕೊಳ್ಳುವುದಿಲ್ಲ. ಅವಳು ಆರೋಗ್ಯವಾಗಿದ್ದಳು. ನಾನು ಅಳೆದದ್ದು ಸರಿ, ಪರೀಕ್ಷೆ ತಪ್ಪಿತು.

ನೀವು ಸುಮ್ಮನಿದ್ದಿದ್ದರೆ ನಾನು ಸಣ್ಣ ಅಂಕಿಯನ್ನೇ ಬರೆಯುತ್ತಿದ್ದೆ. ಅದೂ ನಿಜ.

ಇನ್ನು ನನ್ನ ಕಾಗದ ಬೇಡವೆನಿಸಿದರೆ ನನಗೆ ಅರ್ಥವಾಗುತ್ತದೆ. ಮುಂದಿನ ಪರೀಕ್ಷೆಗೆ ಹೊಸಬರು ಬರುತ್ತಾರೆ.

ನಿಮ್ಮ ಮೈದುನ


ಮೇ 14

ಮೈದುನನಿಗೆ,

ನಿನ್ನ ಕಾಗದ ಓದಿ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಜೋರಾಗಿಯೇ ಅತ್ತೆ. ನಿಮ್ಮಣ್ಣ ಹೋದಾಗ ಮನೆ ತುಂಬಾ ಜನರಿದ್ದರು, ಹಾಗೆ ಅಳಲು ಆಗಿರಲಿಲ್ಲ. ಆಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದೆ. ಬೇಲಿಯವನು ಬಾಗಿಲಲ್ಲೇ ನಿಂತಿದ್ದ. ನಿನ್ನ ಕಾಗದದಲ್ಲಿದ್ದದ್ದನ್ನು ಅವನಿಗೂ ಹೇಳಿದೆ.

"ಹಂಗಾದ್ರೆ ಸುಮ್ನೆ ಸತ್ತಳಾ ಅವಳು?" ಎಂದ.

"ಸುಮ್ನೆ ಅಲ್ಲ. ಉಳಿದೋರು ಬದುಕಿದಾರಲ್ಲ," ಎಂದೆ. ಹೇಳಿದ ಮೇಲೆ ನನಗೂ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಅವಳು ಸಾಯಬೇಕಿರಲಿಲ್ಲ. ಇದನ್ನು ಯಾರ ಎದುರು ಬೇಕಾದರೂ ಹೇಳುತ್ತೇನೆ. ನಾಳೆ ಅದೇ ಕೊಟ್ಟಿಗೆಯಲ್ಲಿ, ಅದೇ ಕತ್ತಲಲ್ಲಿ ನಿಂತರೂ ಮತ್ತೆ ಅದೇ ಮಾತು ಹೇಳುತ್ತೇನೆ, ಸರಿಯಾಗಿ ಹಿಡಿ ಎಂದು. ನನ್ನ ಮೆಚ್ಚಿನದಕ್ಕೆ ಒಂದು ಅಳತೆ ಇಟ್ಟುಕೊಂಡರೆ, ನಿನ್ನ ನಿರ್ದೇಶಕರಿಗೂ ನನಗೂ ಏನು ವ್ಯತ್ಯಾಸ?

ನಿನ್ನ ನಿರ್ದೇಶಕರು ಎಂದಾಗ ನೆನಪಾಯಿತು, ಅವರಿಂದ ಕಾಗದ ಬಂದಿದೆ. ರೋಗದ ತಾಯಂದಿರಿಂದ ಹುಟ್ಟಿದ ಕೂಡಲೇ ಮರಿಗಳನ್ನು ಬೇರೆ ಮಾಡುತ್ತಾರಂತೆ, ಅವಕ್ಕೆ ಹಾಲು ಕೊಡುವ ಜಿಂಕೆಗಳು ಬೇಕಂತೆ, 'ತಮ್ಮ ಅನುಭವದ ಸಹಕಾರ' ಬೇಕಂತೆ. ಹೊಂಡ ತೋಡಲು ಯಂತ್ರ ಬಂದಾಗ ನನ್ನ ಅನುಭವ ಯಾರಿಗೂ ನೆನಪಾಗಿರಲಿಲ್ಲ. ಅಂಥ ಜಿಂಕೆ ಒಂದಿತ್ತು, ಈಗ ಇಲ್ಲ ಎಂದು ಬರೆದೆ. ಬೇರೆ ಹೆಣ್ಣುಗಳಿಗೆ ಮರಿಯ ಮೇಲೆ ಚರ್ಮ ಹೊದಿಸಿ ಕಲಿಸಬೇಕು, ಕಲಿಸುತ್ತೇನೆ, ಮರಿಗಳು ಬರಲಿ ಎಂದೂ ಬರೆದೆ. ಮರಿ ಏನು ಮಾಡಿದೆ ಪಾಪ. ಆದರೆ ಈ ಸಲ ತಾಯಿಯ ವಿಷಯ, ಮರಿಯ ವಿಷಯ, ಎಲ್ಲವನ್ನೂ ಮೊದಲೇ ಹೇಳಿ ತರಬೇಕು. ಮುಚ್ಚಿಟ್ಟು ತಂದರೆ ಬಂದ ಜೀಪಿನಲ್ಲೇ ವಾಪಸು.

ಸಮಿತಿಯ ಅಧ್ಯಕ್ಷೆಗೂ ಬರೆದಿದ್ದೇನೆ. ಮುಂದಿನ ಪರೀಕ್ಷೆಗೆ ಹೊಸಬರು ಬರುವುದು ಬೇಡ, ದನದ ಸಂತೆಯಲ್ಲಿರುವ ನಮ್ಮ ಮೈದುನನೇ ಬರಬೇಕು ಎಂದು. ಸಂಬಂಧಿಕನೇ ಅಳೆದರೆ ಹೇಗೆ ನಂಬುವುದು ಎಂದು ಅವರು ಕೇಳುತ್ತಾರೆ, ಕೇಳಲಿ. ಅವರಿಗೆ ಹೇಳಲು ನನ್ನಲ್ಲಿ ಉತ್ತರವಿದೆ. ಒಪ್ಪದಿದ್ದರೆ ಮತ್ತೆ ಜಗಳ, ನನಗೇನು ಜಗಳ ಹೊಸತಲ್ಲ.

ನೀನು ಚಿಕ್ಕವನಿದ್ದಾಗ ಸುಳ್ಳು ಹೇಳಿ ಸಿಕ್ಕಿಬೀಳುತ್ತಿದ್ದೆ. ಈ ಸಲ ಸುಳ್ಳು ಹೇಳಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ, ನಾನು ನಂಬಿ ನೆಮ್ಮದಿಯಾಗಿ ಇರುತ್ತಿದ್ದೆ. ಆದರೂ ನೀನು ನಿಜವನ್ನೇ ಬರೆದೆ. ಆ ಕಾಗದ ಬರೆದ ಕೈಗೆ ಮಾತ್ರ ಇನ್ನು ನನ್ನ ಜಿಂಕೆಯ ಕುತ್ತಿಗೆ ಕೊಡುತ್ತೇನೆ, ಬೇರೆ ಯಾರೇ ಬಂದರೂ ಒಂದನ್ನೂ ಹಿಡಿದು ಕೊಡುವುದಿಲ್ಲ.

ನಿನ್ನ ಅತ್ತಿಗೆ